ಕಾರಿನ ಬಟನ್‌ಗಿಂತ ಮೊದಲು ಅಡುಗೆಮನೆಯ ಬಾಗಿಲು

ಪ್ರಶ್ನೆ: ಪುಣೆಯ ಬಾಣೇರಿನಲ್ಲಿ ನಮ್ಮದೊಂದು ರೋ ಹೌಸ್. ಕೆಳಗೆ ಒಂದು ಕಾರು ನಿಲ್ಲುವಷ್ಟು ಗ್ಯಾರೇಜು, ಅದಕ್ಕೆ ಮೋಟಾರಿನ ರೋಲಿಂಗ್ ಶಟರ್. ಗ್ಯಾರೇಜಿನ ಒಳಗಿನಿಂದಲೇ ಅಡುಗೆಮನೆಗೆ ಒಂದು ಬಾಗಿಲಿದೆ. ಈಚೆಗೆ ಮಗ ಮುಂಬಯಿಯಿಂದ ಸೆಕೆಂಡ್ ಹ್ಯಾಂಡ್ ವಿದೇಶಿ ಕಾರೊಂದನ್ನು ತಂದಿದ್ದಾನೆ. ಅದರ ಒಳಗನ್ನಡಿಯ ಕೆಳಗೆ ಮನೆಯ ಚಿತ್ರದ ಜೊತೆ ಮೂರು ಬಟನ್‌ಗಳಿವೆ. ಅವುಗಳಿಂದಲೇ ಶಟರ್ ತೆರೆಯಬಹುದು ಎನ್ನುತ್ತಾನೆ. ಕಳೆದ ದೀಪಾವಳಿಯಲ್ಲಿ ನಮ್ಮ ಸಾಲಿನ ಒಂದು ಮನೆಗೆ ಶಟರ್ ಎತ್ತಿಯೇ ಕಳ್ಳರು ನುಗ್ಗಿದ್ದರು. ಎಂಟು ಕ್ಯಾಮೆರಾ ಹಾಕಿಸಿಬಿಟ್ಟರೆ ಮುಗಿಯಿತು ಎಂದು ನಮ್ಮ ಯಜಮಾನರು ಹೇಳುತ್ತಾರೆ. ನಾವು ವರ್ಷಕ್ಕೆರಡು ಬಾರಿ ಧಾರವಾಡಕ್ಕೆ ಹೋಗಿ ಹದಿನೈದು ದಿನ ಇದ್ದು ಬರುತ್ತೇವೆ. ಕಾರಿನ ಬಟನ್ ಬಳಸುವುದು ಕ್ಷೇಮವೇ? ಎಂಟು ಕ್ಯಾಮೆರಾ ಬೇಕೇ? ಗಿಡಗಳಿಗೆ ನೀರು ಹಾಕಲೆಂದು ಸೊಸೈಟಿಯ ವಾಚ್‌ಮನ್‌ಗೆ ಒಂದು ರಿಮೋಟ್ ಕೊಟ್ಟು ಹೋಗಬಹುದೇ?
ಓದುಗರೊಬ್ಬರು, ಬಾಣೇರ್, ಪುಣೆ

ಉತ್ತರ: ಅಡುಗೆಮನೆಯ ಬಾಗಿಲಿನಿಂದ ಶುರು ಮಾಡುತ್ತೇನೆ. ನಿಮ್ಮ ಪತ್ರದಲ್ಲಿ ಅದರ ಬಗ್ಗೆ ಒಂದೇ ಸಾಲು ಇದೆ. ನನಗೆ ಚಿಂತೆ ಹತ್ತಿದ್ದು ಆ ಸಾಲಿನಿಂದ.

ಪುಣೆಯ ರೋ ಹೌಸ್‌ಗಳಲ್ಲಿ ಬಿಲ್ಡರ್‌ಗಳು ಮುಂಬಾಗಿಲಿಗೆ ತೇಗದ ಚೌಕಟ್ಟು, ಮೂರು ಚಿಲಕದ ಲಾಕ್, ಹೊರಗೊಂದು ಸೇಫ್ಟಿ ಡೋರ್ ಎಲ್ಲವನ್ನೂ ಕೊಡುತ್ತಾರೆ. ಗ್ಯಾರೇಜಿನಿಂದ ಒಳಗೆ ಬರುವ ಬಾಗಿಲಿಗೆ ಮಾತ್ರ ಬಾತ್‌ರೂಮಿಗೆ ಹಾಕುವಂಥ ತೆಳು ಫ್ಲಶ್ ಡೋರ್, ಒಂದು ಗುಂಡು ಹಿಡಿಯ ಲಾಕ್, ಹೆಚ್ಚೆಂದರೆ ಒಂದು ಅಲ್ಯೂಮಿನಿಯಂ ಚಿಲಕ. ಅದು ಒಳಬಾಗಿಲು ಎಂಬುದು ಅವರ ಲೆಕ್ಕ. ಕಳ್ಳನ ಲೆಕ್ಕ ಬೇರೆ. ಶಟರ್ ಒಂದು ಅಡಿ ಎತ್ತಿ ಒಳಗೆ ತೂರಿ, ಮತ್ತೆ ಕೆಳಗಿಳಿಸಿಬಿಟ್ಟರೆ ರಸ್ತೆಯಲ್ಲಿ ಹೋಗುವವರಿಗೆ ಅವನು ಕಾಣುವುದಿಲ್ಲ, ಸದ್ದೂ ಅಷ್ಟಾಗಿ ಕೇಳುವುದಿಲ್ಲ. ಬೇಕಾದ ಹತಾರಗಳನ್ನೆಲ್ಲ ನೀವೇ ಅಲ್ಲಿಟ್ಟಿರುತ್ತೀರಿ: ಜಾಕ್, ಪಾನಾ, ಏಣಿ, ಕೆಲವರ ಮನೆಯಲ್ಲಿ ಹಾರೆ ಕೂಡ. ಆ ಬಾಗಿಲನ್ನು ಒಡೆಯಲು ಅವನಿಗೆ ಇಡೀ ರಾತ್ರಿ ಸಮಯವಿರುತ್ತದೆ. ಅದಕ್ಕೇ ನಾನು ಹೇಳುವುದು: ಗ್ಯಾರೇಜು ಇರುವ ಮನೆಗೆ ಎರಡು ಮುಂಬಾಗಿಲು. ಎರಡಕ್ಕೂ ಒಂದೇ ಮರ್ಯಾದೆ ಸಲ್ಲಬೇಕು.

ಮಾಡಬೇಕಾದದ್ದು ಬಡಗಿಯ ಒಂದು ದಿನದ ಕೆಲಸ. ಒಳಗೆ ಟೊಳ್ಳಿಲ್ಲದ, ಗಟ್ಟಿ ಮರದ ತುಂಬಿನ ಬಾಗಿಲು ಹಾಕಿಸಿ. ಬೋಲ್ಟ್ ಚೌಕಟ್ಟಿನೊಳಗೆ ಎರಡು ಸೆಂಟಿಮೀಟರಿಗಿಂತ ಹೆಚ್ಚು ಹೊಕ್ಕುವ ಡೆಡ್‌ಬೋಲ್ಟ್ ಇರಲಿ. ಅದು ಕೂರುವ ಪಟ್ಟಿಯನ್ನು ಹಿಡಿಯುವ ತಿರುಪುಗಳು ಮರದ ಅಂಚಿನಲ್ಲೇ ನಿಲ್ಲದೆ ಹಿಂದಿನ ಗೋಡೆಯವರೆಗೆ ಹೋಗಬೇಕು. ಬಾಗಿಲಿಗೆ ಒದ್ದಾಗ ಲಾಕ್ ಮುರಿಯುವುದು ಕಡಿಮೆ. ಅರ್ಧ ಇಂಚಿನ ತಿರುಪಿನಲ್ಲಿ ನೇತಾಡುವ ಆ ಪಟ್ಟಿಯೇ ಕಿತ್ತು ಬರುವುದು. ಬಡಗಿ ಹಳೆಯ ತಿರುಪುಗಳನ್ನೇ ಮತ್ತೆ ಬಿಗಿಯಲು ಹೊರಟರೆ ತಡೆಯಿರಿ. ಬಾಗಿಲು ಗ್ಯಾರೇಜಿನ ಕಡೆಗೆ ತೆರೆಯುವಂತಿದ್ದರೆ ಕೀಲುಗಳು ಹೊರಗೆ ಕಾಣುತ್ತವೆ. ಆಗ ಕೀಲಿನ ಬದಿಗೂ ಚೌಕಟ್ಟಿಗೆ ಹೊಕ್ಕುವ ಎರಡು ಉಕ್ಕಿನ ಗೂಟಗಳನ್ನು ಕೂರಿಸಬೇಕು. ಇಲ್ಲದಿದ್ದರೆ ಕೀಲಿನ ಕಡ್ಡಿ ಎಳೆದು ಬಾಗಿಲನ್ನೇ ಇಳಿಸಿಬಿಡಬಹುದು.

ಈಗ ಶಟರ್. ನಿಮ್ಮ ಸಾಲಿನ ಮನೆಗೆ ಆದದ್ದು ಪುಣೆಯಲ್ಲಿ ಅಪರೂಪವೇನಲ್ಲ. ಅಂಗಡಿಯ ಶಟರ್ ಮೀಟಿ ಎತ್ತಿದ ಸುದ್ದಿಯನ್ನು ಇಲ್ಲಿನ ಮರಾಠಿ ಪತ್ರಿಕೆಗಳಲ್ಲಿ ನೀವೂ ಓದಿರುತ್ತೀರಿ. ಶಟರಿನ ಪಟ್ಟಿಗಳು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಆಸುಪಾಸಿನ ತಗಡು. ಮೋಟಾರಿನ ಬ್ರೇಕ್ ಮೇಲಿನ ಉರುಳೆಯನ್ನು ಹಿಡಿದಿಟ್ಟರೂ ಕೆಳಗಡೆ ನಡುಭಾಗಕ್ಕೆ ಹಾರೆ ಹಾಕಿ ಮೀಟಿದರೆ ತಗಡು ಬಿಲ್ಲಿನಂತೆ ಬಾಗಿ ಒಬ್ಬ ತೂರುವಷ್ಟು ಜಾಗವಾಗುತ್ತದೆ. ಕೆಳಪಟ್ಟಿಯ ಎರಡೂ ತುದಿಗೆ ಒಳಗಿನಿಂದ ಹಾಕುವ ಚಿಲಕ, ನಡುವೆ ನೆಲಕ್ಕೆ ಕಾಂಕ್ರೀಟಿನಲ್ಲಿ ಕೂರಿಸಿದ ಒಂದು ಲಾಕ್, ಹೀಗೆ ಮೂರು ಕಡೆ ಹಿಡಿತವಿದ್ದರೆ ಮೀಟುವುದು ಬಹಳ ಕಷ್ಟ. ಒಂದು ಎಚ್ಚರಿಕೆ: ಚಿಲಕ ಹಾಕಿರುವಾಗ ಯಾರಾದರೂ ಮರೆತು ರಿಮೋಟ್ ಒತ್ತಿದರೆ ಮೋಟಾರು ಶಟರನ್ನೇ ಹರಿದುಹಾಕುತ್ತದೆ. ಚಿಲಕ ಬಿದ್ದೊಡನೆ ಮೋಟಾರಿನ ಕರೆಂಟು ತಪ್ಪಿಸುವ ಚಿಕ್ಕ ಸ್ವಿಚ್ಚನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿಕೊಳ್ಳಿ. ಧಾರವಾಡಕ್ಕೆ ಹೊರಡುವ ದಿನ ಮೋಟಾರಿನ ಎಂಸಿಬಿಯನ್ನೂ ಕೆಳಗಿಳಿಸಿ. ಕರೆಂಟಿಲ್ಲದ ಮೋಟಾರನ್ನು ಯಾವ ರಿಮೋಟೂ ಎಬ್ಬಿಸಲಾರದು.

ಯೂಟ್ಯೂಬಿನಲ್ಲಿ ಅಮೆರಿಕದ ವಿಡಿಯೊಗಳನ್ನು ನೋಡಿ, ಬಾಗಿಲ ಸಂದಿಯಿಂದ ತಂತಿ ತೂರಿಸಿ ಕೆಂಪು ಹಗ್ಗ ಎಳೆದರೆ ಗ್ಯಾರೇಜು ತೆರೆಯುತ್ತದಂತೆ ಎಂದು ಹಲವರು ನನ್ನನ್ನು ಕೇಳುತ್ತಾರೆ. ಅದು ಛಾವಣಿಯ ಹಳಿಯ ಮೇಲೆ ಜಾರುವ ಬಾಗಿಲುಗಳ ಮಾತು. ನಿಮ್ಮ ಉರುಳುವ ಶಟರಿಗೆ ಅದು ಅನ್ವಯಿಸುವುದಿಲ್ಲ.

ರಿಮೋಟಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕಾರಿನ ಬಟನ್ ಕ್ಷೇಮವೇ ಎಂಬ ಪ್ರಶ್ನೆಗೆ ಉತ್ತರ ಕಾರಿನಲ್ಲಿಲ್ಲ, ಶಟರಿನ ಮೇಲೆ ಕೂತು ರಿಮೋಟಿನ ಸಂಕೇತ ಹಿಡಿಯುವ ರಿಸೀವರಿನಲ್ಲಿದೆ. ನಮ್ಮಲ್ಲಿ ಗೇಟು, ಶಟರುಗಳ ರಿಮೋಟ್ ಹೆಚ್ಚಾಗಿ 433.92 ಮೆಗಾಹರ್ಟ್ಸ್ ತರಂಗದಲ್ಲಿ ಕೆಲಸ ಮಾಡುತ್ತದೆ. ಅದರಲ್ಲಿ ಎರಡು ಜಾತಿ. ಒಂದು ಸ್ಥಿರ ಕೋಡ್, ಪ್ರತಿ ಸಲವೂ ಅದೇ ಸಂಕೇತವನ್ನು ಕಳಿಸುವಂಥದ್ದು. ಇನ್ನೊಂದು ರೋಲಿಂಗ್ ಕೋಡ್, ಒತ್ತಿದಾಗಲೆಲ್ಲ ಸಂಕೇತ ಬದಲಾಗುತ್ತದೆ. ಬ್ಯಾಂಕಿನ ಒಟಿಪಿಯಂತೆ ಒಮ್ಮೆ ಬಳಸಿದ್ದು ಮತ್ತೆ ನಡೆಯುವುದಿಲ್ಲ.

ನಿಮ್ಮದು ಯಾವುದು ಎಂದು ತಿಳಿಯಲು ರಿಮೋಟಿನ ಹಿಂಬದಿ ಬಿಚ್ಚಿ ನೋಡಿ. ಒಳಗೆ ಸಾಲಾಗಿ ಎಂಟೋ ಹತ್ತೋ ಪುಟ್ಟ ಬಿಳಿ ಸ್ವಿಚ್ಚುಗಳಿದ್ದರೆ ಅದು ಮೊದಲನೆಯ ಜಾತಿ. ಸ್ವಿಚ್ಚುಗಳಿಲ್ಲದಿದ್ದರೂ ಸಮಾಧಾನ ಪಡಬೇಡಿ. ಸಂಕೇತವನ್ನು ಚಿಪ್‌ನೊಳಗೇ ಬರೆದಿಟ್ಟ, ಸ್ಥಿರ ಕೋಡಿನ ಅಗ್ಗದ ರಿಮೋಟುಗಳು ಮಾರುಕಟ್ಟೆಯ ತುಂಬ ಇವೆ. ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿಯಲ್ಲೋ ನಿಮ್ಮ ಬೀದಿಯ ಕೀಲಿಕೈ ಅಂಗಡಿಯಲ್ಲೋ ಕೊಟ್ಟಾಗ ಅಂಗಡಿಯವನು ನಿಮ್ಮ ರಿಮೋಟಿನ ಮುಂದೆ ಇನ್ನೊಂದು ರಿಮೋಟ್ ಹಿಡಿದು, ಎರಡೂ ಬಟನ್ ಒತ್ತಿ, ಒಂದೇ ನಿಮಿಷದಲ್ಲಿ ನಕಲು ಮಾಡಿಕೊಟ್ಟು ಆ ನಕಲಿನಿಂದ ಶಟರ್ ತೆರೆದರೆ, ನಿಮ್ಮ ಕೋಡು ಸ್ಥಿರ ಎಂಬುದಕ್ಕೆ ಬೇರೆ ಪುರಾವೆ ಬೇಡ. ಅವನು ಮಾಡಿದ್ದನ್ನು ಮನೆಗೆಲಸಕ್ಕೆ ಬಂದವರು, ಕಾರು ತೊಳೆಯುವವರು, ಸರ್ವಿಸ್ ಸೆಂಟರಿನವರು ಯಾರು ಬೇಕಾದರೂ ಮಾಡಬಹುದು. ಸ್ವಿಚ್ಚಿನ ರಿಮೋಟಿನ ಸ್ಥಿತಿ ಇನ್ನೂ ಕೆಟ್ಟದು: ಹನ್ನೆರಡು ಸ್ವಿಚ್ಚಿದ್ದರೂ ಒಟ್ಟು ಸಾಧ್ಯತೆ 4096 ಮಾತ್ರ. 2015ರಲ್ಲಿ ಸ್ಯಾಮಿ ಕಾಮ್ಕರ್ ಎಂಬ ಅಮೆರಿಕದ ಸಂಶೋಧಕರು ಮಕ್ಕಳ ಸಂದೇಶದ ಆಟಿಕೆಯೊಂದನ್ನು ಮಾರ್ಪಡಿಸಿ, ಇಂಥ ಸ್ಥಿರ ಕೋಡಿನ ಗ್ಯಾರೇಜುಗಳನ್ನು ಸೆಕೆಂಡುಗಳಲ್ಲಿ ತೆರೆದು ತೋರಿಸಿದರು.

ರೋಲಿಂಗ್ ಕೋಡಿನಲ್ಲಿ ರಿಮೋಟು ಮತ್ತು ರಿಸೀವರ್ ಎರಡೂ ಒಂದು ಎಣಿಕೆಯನ್ನು ಇಟ್ಟುಕೊಂಡಿರುತ್ತವೆ. ಒತ್ತಿದಾಗ ಎಣಿಕೆ ಒಂದು ಹೆಜ್ಜೆ ಮುಂದೆ ಹೋಗಿ, ಗೂಢಲಿಪಿಯಾಗಿ ಗಾಳಿಯಲ್ಲಿ ಬರುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ ಪ್ರಪಂಚದಾದ್ಯಂತ ಹರಡಿದ ಕೀಲಾಕ್ ಎಂಬ ಪದ್ಧತಿಯಲ್ಲಿ, ರಿಸೀವರ್ ತಾನು ಕೊನೆಗೆ ಕಂಡದ್ದರಿಂದ ಮುಂದಿನ 16 ಎಣಿಕೆಗಳವರೆಗೆ ನೇರವಾಗಿ ಒಪ್ಪುತ್ತದೆ. ಮೊಮ್ಮಗ ಮನೆಯಿಂದ ದೂರದಲ್ಲಿ ಕೂತು ರಿಮೋಟನ್ನು ಇಪ್ಪತ್ತು ಸಲ ಒತ್ತಿ ಆಡಿದ್ದರೆ ಮರಳಿ ಬಂದಾಗ ಮೊದಲ ಒತ್ತಿಗೆ ಶಟರ್ ಕದಲದು. ಎರಡನೆಯ ಒತ್ತಿಗೆ ತೆರೆಯುತ್ತದೆ. ರಿಮೋಟು ಕೆಟ್ಟಿದೆ ಎಂದು ಎಸೆಯಬೇಡಿ, ಅದು ತನ್ನ ಕೆಲಸವನ್ನೇ ಮಾಡಿದೆ. ಇದೂ ಅಭೇದ್ಯವಲ್ಲ. ಕೀಲಾಕನ್ನು ಸಂಶೋಧಕರು 2008ರಲ್ಲಿ ಭೇದಿಸಿದ್ದಾರೆ, ಸಂಕೇತವನ್ನು ಗಾಳಿಯಲ್ಲೇ ತಡೆದು ಕದಿಯುವ ಉಪಾಯವನ್ನು ಅದೇ ಕಾಮ್ಕರ್ ತೋರಿಸಿದ್ದಾರೆ. ಆದರೆ ಅದಕ್ಕೆ ಉಪಕರಣ, ವಿದ್ಯೆ, ನಿಮ್ಮ ಮನೆ ಮುಂದೆ ಕಾದು ಕೂರುವ ವ್ಯವಧಾನ ಮೂರೂ ಬೇಕು. ಹಾರೆ ಹಿಡಿದು ಬರುವವನಿಗೆ ಅವು ಇರುವುದಿಲ್ಲ. ನಿಮ್ಮದು ಸ್ಥಿರ ಕೋಡಾಗಿದ್ದರೆ ಮೋಟಾರು ಬದಲಿಸುವ ಅಗತ್ಯವಿಲ್ಲ. ರೋಲಿಂಗ್ ಕೋಡಿನ ಹೊಸ ರಿಸೀವರ್ ಕಾರ್ಡನ್ನು ಜೋಡಿಸಿ, ಹಳೆಯದನ್ನು ಕಿತ್ತುಹಾಕಿಸಿ. ಹಳೆಯದನ್ನು ಜೊತೆಗೇ ಉಳಿಸಿಕೊಂಡರೆ ಹೊಸದು ಹಾಕಿಯೂ ಪ್ರಯೋಜನವಿಲ್ಲ.

ಕಾರಿನ ಆ ಮೂರು ಬಟನ್‌ಗಳು ಬಹುಮಟ್ಟಿಗೆ ಹೋಮ್‌ಲಿಂಕ್ ಇರಬೇಕು. ಅದು ತನ್ನದೇ ಸಂಕೇತವಿಲ್ಲದ, ಬೇರೆ ರಿಮೋಟಿನಿಂದ ಕಲಿತುಕೊಳ್ಳುವ ಯಂತ್ರ. ಸೆಕೆಂಡ್ ಹ್ಯಾಂಡ್ ಕಾರಾದ್ದರಿಂದ ಮೊದಲು ಹಳೆಯ ಮಾಲೀಕರ ನೆನಪನ್ನು ಅಳಿಸಿ: ಎರಡೂ ತುದಿಯ ಬಟನ್‌ಗಳನ್ನು (ನಡುವಿನದನ್ನು ಬಿಟ್ಟು) ಒಟ್ಟಿಗೆ, ಪಕ್ಕದ ದೀಪ ಮಿನುಗುವವರೆಗೆ ಒತ್ತಿ ಹಿಡಿಯಿರಿ, ಹತ್ತಿಪ್ಪತ್ತು ಸೆಕೆಂಡು ಬೇಕಾಗುತ್ತದೆ. ಆಮೇಲೆ ನಿಮ್ಮ ರಿಮೋಟನ್ನು ಬಟನ್‌ನಿಂದ ಎರಡು ಮೂರು ಅಂಗುಲ ದೂರದಲ್ಲಿ ಹಿಡಿದು, ರಿಮೋಟನ್ನೂ ಕಾರಿನ ಒಂದು ಬಟನನ್ನೂ ಒಟ್ಟಿಗೆ ಒತ್ತಿ, ದೀಪದ ಮಿನುಗು ವೇಗವಾಗುವವರೆಗೆ ಬಿಡಬೇಡಿ. ಈಗ ಕಾರಿನ ಬಟನನ್ನು ಮಾತ್ರ ಒತ್ತಿ ನೋಡಿ. ದೀಪ ಸ್ಥಿರವಾಗಿ ಉರಿದರೆ ಕಲಿಕೆ ಮುಗಿದಿದೆ, ಅಂದರೆ ನಿಮ್ಮದು ಸ್ಥಿರ ಕೋಡು. ಎರಡು ಸೆಕೆಂಡು ಪಟಪಟನೆ ಮಿನುಗಿ ಆಮೇಲೆ ಸ್ಥಿರವಾದರೆ ರೋಲಿಂಗ್ ಕೋಡು. ಆಗ ಮೋಟಾರಿನ ಬೋರ್ಡಿನಲ್ಲಿರುವ ಕಲಿಕೆಯ ಬಟನನ್ನು ಒಮ್ಮೆ ಒತ್ತಿ, ಸುಮಾರು ಅರ್ಧ ನಿಮಿಷದೊಳಗೆ ಕಾರಿಗೆ ಬಂದು ಬಟನನ್ನು ಎರಡು ಮೂರು ಸಲ ಒತ್ತಬೇಕು. ಏಣಿಯ ಮೇಲೆ ಒಬ್ಬರು, ಕಾರಿನಲ್ಲಿ ಒಬ್ಬರು ಇದ್ದರೆ ಸಲೀಸು.

ಅಮೆರಿಕಕ್ಕೆಂದು ತಯಾರಾದ ಗ್ಯಾರೇಜು ಯಂತ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ರೂಪಿಸಿದ್ದಾರೆ. ತರಂಗ ಹೊಂದಿದರೂ ಇಲ್ಲಿನ ಎಲ್ಲ ರೋಲಿಂಗ್ ಕೋಡುಗಳ ಭಾಷೆ ಅದಕ್ಕೆ ಬರುವುದಿಲ್ಲ. ಹಾಗೆ ಒಗ್ಗದಿದ್ದಾಗ ಕೆಲವು ಕೆಲಸಗಾರರು, ಕಾರಿನ ಬಟನಿಗೆ ಒಗ್ಗಲಿ ಎಂದು ಸ್ಥಿರ ಕೋಡಿನ ಇನ್ನೊಂದು ಅಗ್ಗದ ರಿಸೀವರ್ ಜೋಡಿಸಿ ಕೊಡುತ್ತಾರೆ. ದಯವಿಟ್ಟು ಒಪ್ಪಬೇಡಿ. ಮಗನಿಗೆ ಬೇಸರವಾಗಬಹುದು, ಆದರೆ ಕೀಲಿಗೊಂಚಲಿನಲ್ಲಿ ರೋಲಿಂಗ್ ಕೋಡಿನ ಚಿಕ್ಕ ರಿಮೋಟು ಸಾಕು. ಬಟನ್ ಒಗ್ಗಿದರೆ ಒಂದು ಲಾಭವಿದೆ: ಕಾರಿನ ಸನ್ ವೈಸರ್‌ಗೆ ರಿಮೋಟ್ ಸಿಕ್ಕಿಸುವುದು ತಪ್ಪುತ್ತದೆ. ಗಾಜು ಒಡೆದವನಿಗೆ ರಿಮೋಟೂ, ಡ್ಯಾಶ್‌ಬೋರ್ಡಿನ ಆರ್‌ಸಿ ಪುಸ್ತಕದಿಂದ ಮನೆಯ ವಿಳಾಸವೂ ಒಟ್ಟಿಗೆ ಸಿಗುವುದು ದೊಡ್ಡ ಅಪಾಯ. ದಾಖಲೆಗಳನ್ನು ಡಿಜಿಲಾಕರಿನಲ್ಲಿಡಿ, ಅದು ಮಾನ್ಯ. ಕಾರು ಮಾರುವ ದಿನ ಮತ್ತೆ ಆ ಎರಡು ಬಟನ್ ಒತ್ತಿ ಅಳಿಸಲು ಮರೆಯಬೇಡಿ.

ಒಂದು ಕಾರಣಕ್ಕೆ ನನಗೆ ದೂರದಿಂದ ಶಟರ್ ಇಳಿಸುವುದೇ ಒಗ್ಗುವುದಿಲ್ಲ. ಕಾರಿನ ಬಟನ್ ಒತ್ತಿ ಹೊರಟವರಿಗೆ ಶಟರ್ ಪೂರ್ತಿ ಇಳಿಯಿತೋ ಇಲ್ಲವೋ, ಅದರ ಕೆಳಗೆ ಯಾರು ಬಂದರೋ ತಿಳಿಯದು. ಅಮೆರಿಕದಲ್ಲಿ ಮಕ್ಕಳು ಸಿಕ್ಕಿಬಿದ್ದು ಸತ್ತ ಮೇಲೆ, 1993ರಿಂದ ತಯಾರಾಗುವ ಮನೆ ಗ್ಯಾರೇಜಿನ ಯಂತ್ರಗಳಿಗೆ ಅಡ್ಡ ಬಂದದ್ದನ್ನು ಗುರುತಿಸಿ ಹಿಂದಿರುಗುವ ವ್ಯವಸ್ಥೆ ಕಡ್ಡಾಯವಾಯಿತು. ನಮ್ಮಲ್ಲಿ ಶಟರ್ ಮೋಟಾರನ್ನು ಬರಿದೇ ಕೂರಿಸಿ ಹೋಗುವವರೇ ಹೆಚ್ಚು. ನೆಲದಿಂದ ಸುಮಾರು 15 ಸೆಂಟಿಮೀಟರ್ ಎತ್ತರದಲ್ಲಿ, ಅಡ್ಡ ಬಂದದ್ದನ್ನು ಬೆಳಕಿನ ಕಿರಣದಿಂದ ಗುರುತಿಸುವ ಫೋಟೊಸೆಲ್ಲನ್ನು ಎರಡು ಬದಿಗೆ ಎದುರುಬದುರಾಗಿ ಹಾಕಿಸಿ. ಮಕ್ಕಳಿರುವ ಮನೆ, ಕಾರಿನ ಕೆಳಗೆ ಬೆಕ್ಕು ಮಲಗುವ ಬೀದಿ; ಇದರಲ್ಲಿ ಉಳಿತಾಯ ಮಾಡಬಾರದು. ಶಟರ್ ಮುಚ್ಚಿದೆಯೇ ಎಂದು ತಿಳಿಸುವ ಪುಟ್ಟ ಮ್ಯಾಗ್ನೆಟ್ ಸೆನ್ಸರನ್ನೂ ಕೆಳಪಟ್ಟಿಗೆ ಹಾಕಿಸಬಹುದು.

ಮೊಬೈಲಿನಿಂದ ಶಟರ್ ತೆರೆಯುವ ವೈಫೈ ಪೆಟ್ಟಿಗೆ ಬೇಡ. 2023ರಲ್ಲಿ ನೆಕ್ಸ್ ಎಂಬ ಕಂಪನಿಯ ಇಂಥ ಉಪಕರಣಗಳಲ್ಲಿ ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಅಡಗಿದ್ದು ಬಯಲಾಗಿ, ಬೇರೆಯವರ ಗ್ಯಾರೇಜು ತೆರೆಯಬಹುದೆಂದು ಅಮೆರಿಕ ಸರ್ಕಾರದ ಸೈಬರ್ ಸಂಸ್ಥೆಯೇ ಎಚ್ಚರಿಸಬೇಕಾಯಿತು. ಮೊಬೈಲು ಸ್ಥಿತಿ ತಿಳಿಸಲಿ, ಬಾಗಿಲು ತೆರೆಯುವುದು ಬೇಡ.

ಈಗ ಯಜಮಾನರ ಎಂಟು ಕ್ಯಾಮೆರಾಗಳು. ಕ್ಯಾಮೆರಾ ಕಳ್ಳನನ್ನು ತಡೆಯುವುದಕ್ಕಿಂತ ಹೆಚ್ಚಾಗಿ, ಆಮೇಲೆ ಅವನು ಯಾರು ಎಂದು ಹೇಳುತ್ತದೆ. ಅದೂ ಮುಖ ಗುರುತು ಹತ್ತುವಂತಿದ್ದರೆ ಮಾತ್ರ. ಅಪರಿಚಿತನ ಮುಖ ಗುರುತಿಸಲು ಚಿತ್ರದಲ್ಲಿ ಒಂದು ಮೀಟರ್ ಅಗಲಕ್ಕೆ ಸುಮಾರು 250 ಪಿಕ್ಸೆಲ್ ಬೇಕೆಂಬುದು ಈ ವೃತ್ತಿಯ ಅಂತರರಾಷ್ಟ್ರೀಯ ಮಾನದಂಡ. ಎರಡು ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಗಲ 1920 ಪಿಕ್ಸೆಲ್. ಸಾಮಾನ್ಯವಾಗಿ ಹಾಕಿ ಹೋಗುವ 2.8 ಮಿಲಿಮೀಟರ್ ಲೆನ್ಸು ಆರು ಮೀಟರ್ ದೂರದಲ್ಲಿ ಸುಮಾರು ಹದಿನೈದು ಮೀಟರ್ ಅಗಲವನ್ನು ನೋಡುತ್ತದೆ. ಮೀಟರಿಗೆ 130 ಪಿಕ್ಸೆಲ್ಲೂ ದಾಟುವುದಿಲ್ಲ. ಗೊತ್ತಿದ್ದವನಾದರೆ ಇವನೇ ಎನ್ನಬಹುದು, ಗೊತ್ತಿಲ್ಲದವನಾದರೆ ಯಾರೋ ಒಬ್ಬ. ಅದೇ ಜಾಗದಲ್ಲಿ 6 ಮಿಲಿಮೀಟರ್ ಲೆನ್ಸು ಹಾಕಿದರೆ ಆರು ಮೀಟರ್ ಅಗಲವಷ್ಟೇ ಕಾಣುತ್ತದೆ, ಮೀಟರಿಗೆ 300ಕ್ಕೂ ಹೆಚ್ಚು ಪಿಕ್ಸೆಲ್ ಸಿಗುತ್ತದೆ. ಆದ್ದರಿಂದ ಕಾಂಟ್ರ್ಯಾಕ್ಟರನ್ನು ಎಷ್ಟು ಕ್ಯಾಮೆರಾ ಎಂದು ಕೇಳುವ ಮೊದಲು ಎಲ್ಲಿಗೆ ಯಾವ ಲೆನ್ಸು ಎಂದು ಕೇಳಿ. ನಿಮ್ಮ ಮನೆಗೆ ನಾಲ್ಕು ಸಾಕು: ಶಟರಿನ ಮುಂದಿನ ಜಾಗಕ್ಕೆ 6 ಮಿಲಿಮೀಟರಿನದು, ಮುಂಬಾಗಿಲಿಗೆ ಒಂದು, ಹಿತ್ತಿಲಿಗೆ ಒಂದು, ಗ್ಯಾರೇಜಿನ ಒಳಗೆ ಅಡುಗೆಮನೆಯ ಬಾಗಿಲನ್ನು ನೋಡುವಂತೆ ಒಂದು. ಎತ್ತರ ಎರಡೂವರೆ ಮೀಟರಿನ ಆಸುಪಾಸು ಇರಲಿ. ಮೂರನೆಯ ಮಹಡಿಯ ತುದಿಯಲ್ಲಿ ಕೂರಿಸಿದರೆ ಟೋಪಿಗಳ ಚಿತ್ರ ಸಿಗುತ್ತದೆ.

ರಾತ್ರಿ ನಂಬರ್ ಪ್ಲೇಟ್ ಓದಲಾಗುತ್ತಿಲ್ಲ ಎಂದು ಬಹಳ ಜನ ದೂರುತ್ತಾರೆ. ಹೊಸ ಎಚ್‌ಎಸ್‌ಆರ್‌ಪಿ ಪ್ಲೇಟಿನ ಹಾಳೆ ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ತಿರುಗಿ ಎಸೆಯುತ್ತದೆ. ಕ್ಯಾಮೆರಾದ ಇನ್ಫ್ರಾರೆಡ್ ದೀಪ ಅದರ ಮೇಲೆ ಬಿದ್ದರೆ ಪ್ಲೇಟ್ ಬರೀ ಬಿಳಿ ಚೌಕವಾಗಿ ಕಾಣುತ್ತದೆ. ಶಟರಿನ ಮುಂದೆ ಚಲನೆಗೆ ಹೊತ್ತಿಕೊಳ್ಳುವ ಒಂದು ಎಲ್‌ಇಡಿ ದೀಪ ಹಾಕಿಸಿ, ಕ್ಯಾಮೆರಾವನ್ನು ಬಣ್ಣದಲ್ಲೇ ಇಡಿ. ದೀಪ ತಾನಾಗಿ ಹೊತ್ತಿಕೊಂಡರೆ ಮೀಟಲು ಬಂದವನೂ ಹಿಂಜರಿಯುತ್ತಾನೆ.

ವೈಫೈ ಕ್ಯಾಮೆರಾಕ್ಕಿಂತ ತಂತಿಯ ಮೂಲಕವೇ ವಿದ್ಯುತ್ತೂ ಚಿತ್ರವೂ ಹರಿಯುವ ಪಿಒಇ ಕ್ಯಾಮೆರಾ ಮೇಲು. ತಂತಿ ಸೇರುವ ಜೋಡಣೆ ಮಾತ್ರ ಹೊರಗೆ ನೇತಾಡಬಾರದು. ಪುಣೆಯ ಮೊದಲ ಮಳೆಗಾಲಕ್ಕೇ ಅದರ ತಾಮ್ರ ಹಸಿರುಗಟ್ಟುತ್ತದೆ. ಮುಚ್ಚಳವಿರುವ ಪೆಟ್ಟಿಗೆಯೊಳಗೆ ಕೂರಿಸಲು ಹೇಳಿ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಬರೆದರೆ ದಿನಕ್ಕೆ ಸುಮಾರು 21.6 ಜಿಬಿ, ನಾಲ್ಕಕ್ಕೆ, ಚಿತ್ರ ಬರೆದಿಡುವ ರೆಕಾರ್ಡರಿನ ಒಂದು ಟಿಬಿ ಡಿಸ್ಕಿನಲ್ಲಿ ಹನ್ನೊಂದು ದಿನದ್ದು ಹಿಡಿಸುತ್ತದೆ. ನೀವು ಧಾರವಾಡದಲ್ಲಿ ಹದಿನೈದು ದಿನ ಇರುವವರು, ಎರಡು ಟಿಬಿಯದೇ ಹಾಕಿಸಿ. ಗುರುವಾರ ಗುರುವಾರ ದುರಸ್ತಿಗೆಂದು ಇಲ್ಲಿ ಕರೆಂಟು ತೆಗೆಯುವುದು ನಿಮಗೆ ಗೊತ್ತೇ ಇದೆ. ರೂಟರು ಮತ್ತು ರೆಕಾರ್ಡರು ಎರಡಕ್ಕೂ ಇನ್ವರ್ಟರಿನ ಲೈನ್ ಇರಬೇಕು. ರೆಕಾರ್ಡರನ್ನು ಟಿವಿಯ ಪಕ್ಕ ಇಡಬೇಡಿ, ಕಳ್ಳ ಅದನ್ನೇ ಎತ್ತಿಕೊಂಡು ಹೋಗುತ್ತಾನೆ. ಗಾಳಿಯಾಡುವ, ಬೀಗವಿರುವ ಕಪಾಟಿನಲ್ಲಿಡಿ.

ಇದಕ್ಕಿಂತ ಮುಖ್ಯವಾದ ಒಂದು ಮಾತಿದೆ. ಕ್ಯಾಮೆರಾ ಹಾಕುವ ಹುಡುಗ ಕೆಲಸ ಬೇಗ ಮುಗಿಯಲೆಂದು ತನ್ನ ಮೊಬೈಲ್ ಸಂಖ್ಯೆಯಲ್ಲೇ ಖಾತೆ ತೆರೆದು, ನಿಮ್ಮ ಫೋನಿಗೆ ಅದನ್ನು ಹಂಚಿ ಹೋಗುತ್ತಾನೆ. ಅಂದರೆ ಮಾಲೀಕ ಅವನು, ನೀವು ಅತಿಥಿ. ನಿಮ್ಮ ಮನೆ ಖಾಲಿ ಇದೆಯೋ ಇಲ್ಲವೋ ಎಂದು ಅವನು ವರ್ಷಗಟ್ಟಲೆ ನೋಡಬಹುದು. ಖಾತೆ ನಿಮ್ಮ ಸಂಖ್ಯೆಯಲ್ಲೇ, ನಿಮ್ಮ ಕಣ್ಣೆದುರೇ ಆಗಲಿ. ಪಾಸ್‌ವರ್ಡ್ ನೀವೇ ಟೈಪ್ ಮಾಡಿ. ಕಾರ್ಖಾನೆಯ ಪಾಸ್‌ವರ್ಡನ್ನು ಬದಲಿಸದ ಕ್ಯಾಮೆರಾ, ರೆಕಾರ್ಡರುಗಳನ್ನು ಸೆರೆಹಿಡಿದೇ 2016ರಲ್ಲಿ ಮಿರಾಯ್ ಎಂಬ ದಾಳಿ ಅಂತರಜಾಲದ ದೊಡ್ಡ ದೊಡ್ಡ ತಾಣಗಳನ್ನು ಕೆಡವಿತು. ಭಾರತದಲ್ಲೂ 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಸೈಬರ್ ಸುರಕ್ಷತೆಯ ಪರೀಕ್ಷೆ ಕಡ್ಡಾಯವಾಗಿದೆ. ಬಿಲ್ಲಿನಲ್ಲಿ ಮಾದರಿ ಸಂಖ್ಯೆ ಬರೆಸಿಕೊಂಡು, ಆ ಪ್ರಮಾಣಪತ್ರ ಇದೆಯೇ ಎಂದು ಕೇಳಿ. ಎದುರು ಮನೆಯ ಕಿಟಕಿ ಚಿತ್ರದಲ್ಲಿ ಬಂದರೆ ಸೆಟ್ಟಿಂಗ್‌ನಲ್ಲೇ ಅದನ್ನು ಕಪ್ಪಾಗಿಸುವ ಸೌಲಭ್ಯವಿದೆ; ನೆರೆಯವರು ಕೇಳುವ ಮುನ್ನ ನೀವೇ ಮಾಡಿ.

ಏನಾದರೂ ಆಗಿಯೇಬಿಟ್ಟರೆ 112ಕ್ಕೆ ಕರೆ ಮಾಡಿ, ರೆಕಾರ್ಡರನ್ನು ಯಾರೂ ಮುಟ್ಟದಂತೆ ಇಡಿ. ಮೊಬೈಲಿನಲ್ಲಿ ಪರದೆಯ ವಿಡಿಯೊ ತೆಗೆದು ವಾಟ್ಸ್‌ಆ್ಯಪಿನಲ್ಲಿ ಕಳಿಸಿದ್ದು ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಕಾರ ಡಿಜಿಟಲ್ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು. ರೆಕಾರ್ಡರಿನ ಗಡಿಯಾರ ಸರಿಯಾದ ಸಮಯ ತೋರಿಸುತ್ತಿದೆಯೇ ಎಂದು ಆಗಾಗ ನೋಡುತ್ತಿರಿ. ಒಂದು ಗಂಟೆ ಹಿಂದೆ ಮುಂದೆ ಇದ್ದರೆ ಆರೋಪಿಯ ವಕೀಲರಿಗೆ ಅದೊಂದೇ ಸಾಕು.

ವಾಚ್‌ಮನ್‌ಗೆ ರಿಮೋಟ್ ಕೊಡಬೇಡಿ. ಅವರನ್ನು ಅನುಮಾನಿಸಿ ಹೇಳುತ್ತಿಲ್ಲ. ಸೊಸೈಟಿಯ ವಾಚ್‌ಮನ್‌ಗಳು ಏಜೆನ್ಸಿಯ ಮೂಲಕ ಬಂದು ಕೆಲವೇ ತಿಂಗಳಲ್ಲಿ ಬದಲಾಗುತ್ತಾರೆ, ರಿಮೋಟು ಕೈಯಿಂದ ಕೈಗೆ ಹೋಗುತ್ತದೆ. ಕಳವಾದರೆ ಮೊದಲು ಪೊಲೀಸರ ಮುಂದೆ ನಿಲ್ಲಬೇಕಾದವರೂ ಅವರೇ. ಗಿಡಗಳನ್ನು ಮುಂದಿನ ಅಂಗಳಕ್ಕೆ ತಂದಿಟ್ಟು ಕಂಪೌಂಡ್ ಗೇಟಿನ ಕೀಲಿಯಷ್ಟೇ ಕೊಡಿ. ಮನೆಯೊಳಗೆ ಯಾರಾದರೂ ಬರಲೇಬೇಕಿದ್ದರೆ, ನಿಮ್ಮ ಸಾಲಿನಲ್ಲಿ ನೀವು ನಂಬುವ ವಹಿನಿಯೋ ಕಾಕಾ ಅವರೋ ಇದ್ದೇ ಇರುತ್ತಾರೆ, ಮುಂಬಾಗಿಲಿನ ಕೀಲಿಯನ್ನು ಅವರ ಕೈಗೆ ಕೊಡಿ. ಈಗಾಗಲೇ ಹಿಂದಿನ ವಾಚ್‌ಮನ್‌ಗೆ ಒಂದು ರಿಮೋಟ್ ಕೊಟ್ಟದ್ದಿದ್ದರೆ, ಹೊರಡುವ ಮೊದಲು ರಿಸೀವರಿನ ನೆನಪನ್ನೆಲ್ಲ ಅಳಿಸಿ, ನಿಮ್ಮ ಕೈಯಲ್ಲಿರುವ ರಿಮೋಟುಗಳನ್ನು ಮಾತ್ರ ಮತ್ತೆ ಕಲಿಸಿ.